ಕಿಯೊ ಅಕ್ಕನ ಉಳಿ

ಶಿನಾನೊ ಬೆಟ್ಟಸೀಮೆ
೯ ಸೆಪ್ಟೆಂಬರ್ ೧೯೬೧

ಮತ್ಸುನೊಗೆ,

ಇಲ್ಲಿ ಬೆಳಗಿನ ಹೊತ್ತು ಆಗಲೇ ಚಳಿ. ನಿಮ್ಮ ಕುರೊಸೆ ದ್ವೀಪದಲ್ಲಿ ಇನ್ನೂ ಸೆಖೆ ಇಳಿದಿರಲಿಕ್ಕಿಲ್ಲ. ಒಂಬತ್ತು ವರ್ಷದ ಮೇಲೆ ಕಾಗದ ಬರೆಯುವವಳು ಹವೆಯ ವಿಷಯ ಬಿಟ್ಟು ಬೇರೆ ಯಾವುದರಿಂದ ಶುರು ಮಾಡಬೇಕು, ನೀನೇ ಹೇಳು.

ನಾನು ಬದುಕಿದ್ದೇನೆ. ಬಿಸಿನೀರಿನ ಬುಗ್ಗೆಯ ಪಕ್ಕದ ವಸತಿಗೃಹದಲ್ಲಿ ಅಡುಗೆಮನೆಯ ಕೆಲಸ. ನಾಲ್ಕೂ ಕಡೆ ಬೆಟ್ಟ. ಇಲ್ಲಿಯವರು ಕಡಲ ಮೀನಿನ ಮುಖ ನೋಡುವುದು ಹೊಸವರ್ಷಕ್ಕೆ ಮಾತ್ರ, ಅದೂ ಉಪ್ಪು ತಿಂದು ಕಲ್ಲಾಗಿರುವ ಮೀನು. ಅದನ್ನು ಚಪ್ಪರಿಸಿಕೊಂಡು ತಿಂದು "ಎಷ್ಟು ತಾಜಾ ಇದೆ ನೋಡಿ" ಅನ್ನುತ್ತಾರೆ. ನಾನು ಹೌದೌದು ಅನ್ನುತ್ತೇನೆ. ಜನ ಒಳ್ಳೆಯವರೇ, ಆದರೆ ಕೂಗಾಡುತ್ತಾರೆ. ಒಬ್ಬರ ಮುಖ ಒಬ್ಬರಿಗೆ ಬೇಡವಾದರೆ ಕಣಿವೆ ದಾಟಿ ಆ ಕಡೆ ಮನೆ ಮಾಡಿಕೊಳ್ಳುತ್ತಾರೆ. ಮೊದಮೊದಲು ಕೂಗು ಕೇಳಿದರೆ ನಾನು ಬಾಗಿಲು ಎಳೆದುಕೊಳ್ಳುತ್ತಿದ್ದೆ. ಅರವತ್ತು ಮನೆ, ಒಂದು ಬಾವಿ, ದಿನಕ್ಕೊಂದು ದೋಣಿ ಇರುವ ಕಡೆ ಹುಟ್ಟಿದವಳು ನಾನು. ಇಂದು ಬೈದವರ ಪಕ್ಕದಲ್ಲೇ ನಾಳೆ ಕೊಡ ಇಡಬೇಕು. ಹಾಗಾಗಿ ನಮ್ಮಲ್ಲಿ ಯಾರೂ ಯಾರಿಗೂ ಬೈಯುವುದಿಲ್ಲ. ಬೈಯದೆಯೇ ಏನೇನು ಮಾಡಬಹುದೆಂದು ನನಗೂ ಗೊತ್ತು, ನಿನಗೂ ಗೊತ್ತು.

ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಫುಸಾಗೆ ಈಗ ಇಪ್ಪತ್ತೊಂದು. ಸೋಯಾಕಾಳಿನ ಮಿಸೊ ತಯಾರಿಸುವ ಮನೆತನದ ಹುಡುಗನೊಬ್ಬ ಅವಳನ್ನು ಮೆಚ್ಚಿ ಕೇಳಿದ್ದಾನೆ. ಇವಳೂ ಪಾತ್ರೆ ತೊಳೆಯುವಾಗ ಹಾಡು ಗುನುಗುತ್ತಾಳೆ, ಹಾಗಾಗಿ ಮತ್ತೆ ಕೇಳುವ ಅಗತ್ಯವಿಲ್ಲ. ಆದರೆ ಹುಡುಗನ ತಾಯಿ ಹಳೆಯ ಕಾಲದವರು. ಹೆಣ್ಣಿನ ಮನೆತನ ಎಂಥದು ಎಂದು ವಿಚಾರಿಸಲು ಕುವಾಬಾರ ಎಂಬ ಹಿರಿಯರನ್ನು ಕುರೊಸೆಗೇ ಕಳಿಸುತ್ತಾರಂತೆ. ಮನೆಮನೆಗೂ ಹೋಗಿ ಕೇಳುತ್ತಾರೆ. ನಿನ್ನ ಬಾಗಿಲಿಗೂ ಬರಬಹುದು.

ಬಂದರೆ, ಕಿಯೊ ಎಂಬವಳೊಬ್ಬಳು ಇಲ್ಲಿ ಇದ್ದಳು ಅಂತ ಹೇಳು. ಅಷ್ಟು ಸಾಕು. ಹೊಗಳಲು ಹೋಗಬೇಡ. ಅಡುಗೆಯಲ್ಲಿ ಮಾಡುವ ಹಾಗೆ ಅದರಲ್ಲೂ ಉಪ್ಪು ಜಾಸ್ತಿ ಹಾಕಿಬಿಡುತ್ತೀಯ.

ನಿನ್ನ ಮಗುವಿಗೆ ಒಂಬತ್ತು ತುಂಬಿರಬೇಕು. ಹೆಣ್ಣೋ ಗಂಡೋ ಅಂತಲೂ ನನಗೆ ತಿಳಿಯದು.

ಕಿಯೊ


ಕುರೊಸೆ
೨೮ ಸೆಪ್ಟೆಂಬರ್ ೧೯೬೧

ಕಿಯೊ ಅಕ್ಕನಿಗೆ ತಲೆಬಾಗಿ ಬರೆಯುವುದು,

ನಿಮ್ಮ ಕಾಗದವನ್ನು ಮೂರು ದಿನ ಅಕ್ಕಿಯ ಡಬ್ಬದ ಕೆಳಗಿಟ್ಟಿದ್ದೆ. ಒಡೆಯಲು ಧೈರ್ಯವಿರಲಿಲ್ಲ. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನಿಮ್ಮದೆಂದು ತಿಳಿಯಿತು.

ಹೆಣ್ಣುಮಗು ಅಕ್ಕ. ಮಿಯೊ ಎಂದು ಹೆಸರು. ಕಪ್ಪಗೆ, ಮೊಂಡಿ, ಮೀನಿನ ಹಾಗೆ ಈಜುತ್ತಾಳೆ. ಅತ್ತೆ ಹೋದ ವರ್ಷ ತೀರಿಕೊಂಡರು. ಕೊನೆಯವರೆಗೂ ನನ್ನನ್ನು "ಆಚೆ ದಡದವಳು" ಅಂತಲೇ ಕರೆದರು. ಈ ದ್ವೀಪಕ್ಕೆ ಸೊಸೆಯಾಗಿ ಬಂದು ಹನ್ನೆರಡು ವರ್ಷವಾದರೂ ಗದ್ದೆಯ ಹೆಣ್ಣು ಗದ್ದೆಯ ಹೆಣ್ಣೇ ಅನ್ನುತ್ತಿದ್ದರು. ಈ ಸಲ ಬಿರುಗಾಳಿಗೆ ದೇವಸ್ಥಾನದ ಪೈನ್ ಮರ ಬಿತ್ತು. ಬಾವಿಯ ನೀರು ಬೇಸಿಗೆಯಲ್ಲಿ ಸ್ವಲ್ಪ ಉಪ್ಪಾಗುತ್ತಿದೆ. ಮನೆಗೆ ಎರಡೇ ಕೊಡ ಎಂದು ಹಿರಿಯರು ಹೇಳಿದ್ದಾರೆ.

ಕುವಾಬಾರ ಅವರು ಇನ್ನೂ ಬಂದಿಲ್ಲ. ಬಂದರೆ ಖಂಡಿತ ಒಳ್ಳೆಯ ಮಾತೇ ಹೇಳುತ್ತೇನೆ. ಅದರ ಬಗ್ಗೆ ಚಿಂತೆ ಬೇಡ.

ಒಣಗಿಸಿದ ಕಡಲಪಾಚಿ ಕಳಿಸಿದ್ದೇನೆ. ನೀವು ಕುಯ್ಯುತ್ತಿದ್ದ ಜಾಗದ್ದೇ.

ಇನ್ನೊಂದು ವಿಷಯ ಬರೆಯಲೋ ಬೇಡವೋ ತಿಳಿಯಲಿಲ್ಲ. ಬರುವ ವಸಂತದಲ್ಲಿ ಕಡಲು ತೆರೆಯುವ ದಿನ, ಚಳಿಗಾಲ ಮುಚ್ಚಿದ ನೀರಿಗೆ ಮತ್ತೆ ಇಳಿಯುವ ದಿನ, ಗುಡ್ಡದ ಮೇಲೆ ಬಾವುಟ ಏರಿಸುವವಳು ನಾನೇ ಆಗಬೇಕೆಂದು ಓಯೊನೆ ಅಜ್ಜಿ ಹೇಳಿದ್ದಾರೆ. ಚಿಪ್ಪಿಗಾಗಿ ಕಡಲಲ್ಲಿ ಮುಳುಗುವ ಹೆಂಗಸರೆಲ್ಲ ಒಪ್ಪಿದ್ದಾರೆ. "ಇವ್ಳು ಒಂದು ಸಲಾನೂ ನಿಯಮ ಮೀರಿದೋಳಲ್ಲ" ಅಂದರು ಅಜ್ಜಿ. ಮೈ ಕಾಯಿಸುವ ಬೆಂಕಿ ಗುಡಿಸಲಿನಲ್ಲಿ ಕೂತಿದ್ದೆವು. ನನ್ನ ಎದುರಿನ ಕಂಬದಲ್ಲೇ ನಿಮ್ಮ ಉಳಿ ತೂಗುತ್ತಿತ್ತು. ಇನ್ನೂ ಅಲ್ಲೇ ಇದೆ ಅಕ್ಕ.

ಮತ್ಸುನೊ


ಕುರೊಸೆ
೨೪ ಅಕ್ಟೋಬರ್ ೧೯೬೧

ಕಿಯೊ ಅಕ್ಕ,

ಅವರು ಬಂದು ಹೋದರು.

ಬೆಳಗಿನ ದೋಣಿಗೆ ಬಂದು ಸಂಜೆಯ ಹೊತ್ತಿಗೆ ಅದೇ ದೋಣಿಯಲ್ಲಿ ವಾಪಸಾಗುವವರಿದ್ದರು. ಮಧ್ಯಾಹ್ನಕ್ಕೆ ಪಡುವಣ ಗಾಳಿ ಎದ್ದಿತು. ನಿಮಗೆ ಗೊತ್ತಲ್ಲ, ಆ ಗಾಳಿ ಎದ್ದರೆ ಮೂರು ದಿನ ದೋಣಿಯಿಲ್ಲ. ಊರಿನಲ್ಲಿ ತಂಗಲು ಜಾಗವೆಲ್ಲಿದೆ? ನಮ್ಮ ಮನೆಯಲ್ಲಿ ಅತ್ತೆಯ ಕೋಣೆ ಖಾಲಿಯಿದೆಯೆಂದು ನಮ್ಮಲ್ಲಿಗೇ ಕಳಿಸಿದರು. ಮೂರು ದಿನ ಅವರು ನಮ್ಮ ಮನೆಯ ಅನ್ನ ತಿಂದರು.

ದಪ್ಪ ಮನುಷ್ಯ, ಬೋಳು ತಲೆ, ಮೃದು ಮಾತು. ಗಾಳಿಯಲ್ಲೇ ಛತ್ರಿ ಹಿಡಿದುಕೊಂಡು ಮನೆಮನೆಗೂ ಹೋದರು. ಛತ್ರಿ ಮೊದಲ ಮನೆಯ ಹತ್ತಿರವೇ ಮುರಿಯಿತು. ಯಾರೂ ನಿಮ್ಮ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಮೂರನೆಯ ದಿನ ಸಂಜೆ ಊಟಕ್ಕೆ ಕೂತಾಗ ಕೇಳಿದರು: "ಅಲ್ಲಮ್ಮ, ಹನ್ನೊಂದು ಮನೆ ಸುತ್ತಿದೆ. ಹನ್ನೊಂದ್ರಲ್ಲೂ 'ಒಳ್ಳೆ ಹೆಂಗಸು' ಅಂತಾರೆ. ಹೇಳ್ಬಿಟ್ಟು ಚಾಪೆ ನೋಡ್ತಾರೆ. ಯಾಕಮ್ಮ ಹೀಗೆ?"

ನನ್ನ ಗಂಡ ಸೂಪಿನ ಬಟ್ಟಲಿನೊಳಗೆ ನೋಡುತ್ತಾ ಕೂತರು.

"ನೀವು ಅವ್ರ ಜೊತೇಲೇ ಮುಳುಗ್ತಿದ್ರಂತೆ. ನಿಮಗೆ ಗೊತ್ತಿರ್ಬೇಕಲ್ಲ. ಹೇಳಿ, ಯಾಕೆ ಊರು ಬಿಟ್ರು?"

ಅಕ್ಕ, ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ನಾನು "ಒಳ್ಳೆ ಹೆಂಗಸು" ಅಂದೆ. ಅಂದು ಚಹಾ ಬಗ್ಗಿಸಿದೆ. ಬಗ್ಗಿಸುವಾಗ ಚಾಪೆ ನೋಡಿದೆ.

"ಹನ್ನೆರಡು" ಅಂದರು ಅವರು, ಮೆಲ್ಲಗೆ.

ಮಾರನೆಯ ಬೆಳಿಗ್ಗೆ ದೋಣಿ ಹತ್ತಿಸಿ ಬಂದೆ. ಕೈಬೀಸಿದೆ ಕೂಡ. ನನ್ನ ಕೈಗೆ ನಾಚಿಕೆಯೇ ಇಲ್ಲ.

ಎಂದೂ ಬರೆಯದ್ದನ್ನು ಈಗ ಬರೆಯುತ್ತೇನೆ. ನೀವು ಊರು ಬಿಟ್ಟ ವರ್ಷ, ಚಳಿಗಾಲದಲ್ಲಿ, ಚಿಪ್ಪು ಎಬ್ಬಿಸುವ ನಿಮ್ಮ ಉಳಿ ನನಗೆ ಕೊಟ್ಟಿರಿ, ಬೋಳು ಬಂಡೆಯ ಮೇಲೆ ಕೈ ಪಳಗಿಸಿಕೋ ಎಂದು. ಹಿಡಿಯ ಹತ್ತಿರ ನಿಮ್ಮ ಅಮ್ಮ ಕೊರೆದ ನಕ್ಷತ್ರ, ಕೆಂಪು ದಾರ. ಅದಕ್ಕೂ ಮುಂಚೆ, ನಾನು ಖಾಲಿ ಬಾನಿ ಹೊತ್ತುಕೊಂಡು ಬಂದು ಅತ್ತೆಯ ಮುಂದೆ ನಿಂತ ದಿನಗಳಲ್ಲಿ, ಕಡಲಡಿಯ ಬಂಡೆಯೊಳಗಿನ ನಿಮ್ಮ ಪೊಟರೆಯನ್ನು ನನಗೆ ತೋರಿಸಿದ್ದಿರಿ. ಮುಳುಗುವವಳು ತನ್ನ ಪೊಟರೆಯನ್ನು ಹೆತ್ತ ಮಗಳಿಗೂ ಸುಲಭಕ್ಕೆ ತೋರಿಸುವುದಿಲ್ಲ.

ಕಡಲು ತೆರೆಯಲು ಮೂರು ದಿನವಿತ್ತು. ಸುಮ್ಮನೆ ನೋಡಿ ಬರೋಣ ಎಂದು ಮುಂಜಾನೆ ಇಳಿದೆ. ಸುಳ್ಳು. ನೋಡಲು ಹೋದವಳು ಉಳಿ ಏಕೆ ಒಯ್ಯಬೇಕು? ಅಂಗೈ ಅಗಲದ ಅವಾಬಿ ಚಿಪ್ಪುಮೀನು, ಎರಡು. ಮೊದಲನೆಯದು ಬಂತು. ಎರಡನೆಯದಕ್ಕೆ ನನ್ನ ಏಟು ತಪ್ಪಿತು. ಅದು ಚಿಪ್ಪು ಬಿಗಿದು ಬಂಡೆಗೆ ಅಂಟಿಕೊಂಡು ಉಳಿಯನ್ನು ಕಚ್ಚಿ ಹಿಡಿಯಿತು. ದಾರ ನನ್ನ ಮಣಿಕಟ್ಟಿಗೆ ಕಟ್ಟಿತ್ತು. ಉಸಿರು ಮುಗಿಯುತ್ತಿತ್ತು. ಹೊಟ್ಟೆಯೊಳಗೆ ಮಗು ಹೊರಳಿತು. ಸೊಂಟದ ಚಾಕು ತೆಗೆದು ದಾರ ಕತ್ತರಿಸಿ ಮೇಲೆ ಬಂದೆ.

ಮೂರು ದಿನದ ಮೇಲೆ ಬಾವುಟ ಏರಿತು. ಮೊದಲ ಮುಳುಗಿಗೇ ನಿಮ್ಮ ಉಳಿ ಸಿಕ್ಕಿತು, ಮೂರು ದಿನದ ತುಕ್ಕಿನೊಂದಿಗೆ. ಓಯೊನೆ ಅಜ್ಜಿ ಅದನ್ನು ತಂದು ಬೆಂಕಿಯ ಪಕ್ಕದಲ್ಲಿಟ್ಟರು. ಮುಚ್ಚಿದ ಕಡಲಿಗೆ ನೀವೇ ಇಳಿದಿರಿ ಅಂದುಕೊಂಡು ಯಾರೂ ಏನೂ ಕೇಳಲಿಲ್ಲ. ನೀವು ನನ್ನನ್ನು ನೋಡಿದಿರಿ. ನಾನು ಬೆಂಕಿ ನೋಡಿದೆ.

ಮಾರನೆಯ ದಿನ ನಿಮ್ಮ ಬಾನಿ ಮಗುಚಿ ಹಾಕಿತ್ತು, ಇನ್ನು ನೀರಿಗಿಳಿಯಬೇಡ ಎನ್ನುವ ಹಾಗೆ. ಬೆಂಕಿಯ ಸುತ್ತ ಎಲ್ಲರೂ ಸ್ವಲ್ಪ ಸ್ವಲ್ಪ ಅಗಲವಾಗಿ ಕೂತಿದ್ದರು, ನಿಮಗೆ ಜಾಗ ಉಳಿಯದ ಹಾಗೆ. ನಾನೂ ಅಗಲವಾಗಿ ಕೂತಿದ್ದೆ. ಹದಿನೆಂಟನೆಯ ದಿನ ನೀವು ಫುಸಾಳ ಕೈ ಹಿಡಿದು ದೋಣಿ ಹತ್ತಿದಿರಿ.

ಅದು ನಾನು ಅಕ್ಕ. ನಾನೇ.

ಮತ್ಸುನೊ


ಶಿನಾನೊ
೧೯ ನವೆಂಬರ್ ೧೯೬೧

ಮತ್ಸುನೊ,

ಎಂಥ ಕಾಗದ ಬರೆದೆಯೇ! ಓದಿ ನನಗೆ ಮೊದಲು ನಗು ಬಂತು. "ಅದು ನಾನು, ನಾನೇ" ಅಂತೆ. ನನಗೆ ಗೊತ್ತಿಲ್ಲವೇ? ಉಳಿ ಕೊಟ್ಟವಳು ನಾನು. ಗೊತ್ತಿಲ್ಲದಿರುವುದು ಅರವತ್ತು ಮನೆಗೆ. ಗೊತ್ತಾಗಬೇಕಾಗಿದ್ದುದು ಆ ಬೋಳು ತಲೆಯವರಿಗೆ. ಆಕಾಶದ ಕೆಳಗೆ ಗೊತ್ತಿದ್ದ ಒಬ್ಬಳೇ ಒಬ್ಬಳನ್ನು ಹುಡುಕಿ ಅವಳಿಗೇ ಹೇಳಿದ್ದೀಯ. ಹೇಳಿ ಹಗುರವಾಯಿತೇ?

ಹುಡುಗನ ಮನೆಯಿಂದ ಓಲೆ ಬಂತು. ತುಂಬ ಮರ್ಯಾದೆಯ ಓಲೆ. ಈ ವರ್ಷ ಮದುವೆಗೆ ದಿಕ್ಕು ಕೂಡಿಬರುವುದಿಲ್ಲವಂತೆ. ಕಾಗದ ದಪ್ಪಗಿತ್ತು, ಒಳ್ಳೆಯ ಮಸಿ. ಫುಸಾ ಓದಿ ಮಡಚಿ ಒಲೆಗೆ ಹಾಕಿದಳು. ಈಗ ಪಾತ್ರೆ ತೊಳೆಯುವಾಗ ನೀರಿನ ಸದ್ದು ಮಾತ್ರ.

ನಿನ್ನ ಕಾಗದವನ್ನೂ ಅವಳಿಗೆ ತೋರಿಸಿದೆ. ತೋರಿಸಬಾರದಿತ್ತೇನೋ. ಅವಳಿಗೆ ನಿನ್ನ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದದ್ದು ಹೆಚ್ಚು. "ಅಮ್ಮ, ನೀನ್ಯಾಕೆ ಸುಮ್ನಿದ್ದೆ? ಯಾರನ್ನ ಉಳ್ಸೋಕೆ ನನ್ನ ಬಲಿ ಕೊಟ್ಟೆ?" ಎಂದು ಕೇಳಿದಳು. ಹನ್ನೆರಡು ವರ್ಷದ ಹುಡುಗಿ ಸ್ಕೂಲು ಬಿಟ್ಟು ಗೊತ್ತಿಲ್ಲದ ಬೆಟ್ಟಕ್ಕೆ ಬಂದಿದ್ದಳು ನೋಡು. ನಾನು "ಮತ್ಸುನೊ ಬಸುರಿಯಾಗಿದ್ದಳು" ಅಂದೆ. "ನಾನೂ ನಿನ್ನ ಮಗಳೇ ಅಲ್ವಾ?" ಅಂದಳು. ಆಮೇಲೆ ಹತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ದ್ವೀಪದ ಬುದ್ಧಿ ಎಲ್ಲಿ ಹೋಗುತ್ತದೆ.

ಆ ಹತ್ತು ದಿನ ಯೋಚಿಸಿದೆ. ನಿನ್ನ ಮಗುವಿಗಾಗಿ ಬಾಯಿ ಮುಚ್ಚಿಕೊಂಡೆ ಎಂದು ಒಂಬತ್ತು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಅರ್ಧ ನಿಜ. ಬಾಯಿ ತೆರೆದಿದ್ದರೆ, ಅಮ್ಮನ ಉಳಿಯನ್ನು ಆಚೆ ದಡದವಳಿಗೆ ಎರವಲು ಕೊಟ್ಟೆ, ಅಮ್ಮ ಕೈಹಿಡಿದು ತೋರಿಸಿದ ಪೊಟರೆಯನ್ನು ಅವಳಿಗೆ ತೋರಿಸಿದೆ ಎಂದು ಓಯೊನೆ ಅಜ್ಜಿಯ ಮುಂದೆ ಹೇಳಬೇಕಿತ್ತು. ಅದಕ್ಕೆ ನನಗೆ ನಾಚಿಕೆಯಾಯಿತು. ಕಳ್ಳಿ ಅನ್ನಿಸಿಕೊಂಡರೂ ಸರಿ, ದಡ್ಡಿ ಅನ್ನಿಸಿಕೊಳ್ಳಲಾರೆ ಅಂದುಕೊಂಡೆ. ಆದ್ದರಿಂದ ನನ್ನನ್ನು ದೇವರ ಪಕ್ಕ ಕೂರಿಸಬೇಡ.

ಕಡಲಪಾಚಿ ಬಂತು. ಬಿಸಿನೀರಿಗೆ ಹಾಕಿದೆ. ಆ ವಾಸನೆಗೆ ಅಡುಗೆಮನೆಯಿಂದ ಹೊರಗೆ ಹೋಗಿ ನಿಲ್ಲಬೇಕಾಯಿತು.

ಇನ್ನು ಕಾಗದ ಬರೆಯಬೇಡ. ಬರೆಯುವ ಹಾಗಿದ್ದರೆ ನನಗೆ ಗೊತ್ತಿಲ್ಲದ್ದನ್ನು ಬರೆ.

ಕಿಯೊ


ಕುರೊಸೆ
೨೬ ಮಾರ್ಚ್ ೧೯೬೨

ಕಿಯೊ ಅಕ್ಕ,

ನಿಮಗೆ ಗೊತ್ತಿಲ್ಲದ್ದನ್ನು ಬರೆಯುತ್ತಿದ್ದೇನೆ.

ಚಳಿಗಾಲವೆಲ್ಲ ನಾಳೆ ನಾಳೆ ಅಂದುಕೊಂಡೆ. ಕುವಾಬಾರ ಅವರಿಗೆ ಕಾಗದ ಬರೆದು ಅಕ್ಕಿಯ ಡಬ್ಬದ ಕೆಳಗಿಟ್ಟೆ. ನನಗೆ ಅದೇ ಅಭ್ಯಾಸ. ಫೆಬ್ರವರಿ ಮುಗಿಯುವಾಗ ಮುದ್ರೆ ಒತ್ತಿ ದೋಣಿಯವನ ಕೈಗೆ ಕೊಟ್ಟೆ. ಅದರಲ್ಲಿ ಎಲ್ಲವನ್ನೂ ಬರೆದಿದ್ದೇನೆ. ಬೆಂಕಿ ನೋಡಿದ್ದನ್ನೂ, ಚಾಪೆ ನೋಡಿದ್ದನ್ನೂ.

ನಿನ್ನೆ ಕಡಲು ತೆರೆಯುವ ದಿನ. ಅಂಥ ಶಾಂತ ಕಡಲನ್ನು ಹತ್ತು ವರ್ಷದಲ್ಲಿ ಕಂಡಿರಲಿಲ್ಲ. ಮೂವತ್ತನಾಲ್ಕು ಹೆಂಗಸರು ಬಾನಿ ಹಿಡಿದು ದಡದಲ್ಲಿ ಸಾಲಾಗಿ ನಿಂತಿದ್ದರು. ನಾನು ಬಾವುಟ ಹಿಡಿದು ಗುಡ್ಡ ಹತ್ತಿದೆ. ಮೇಲಿಂದ ನೋಡಿದರೆ ನಮ್ಮ ಊರು ಎಷ್ಟು ಚಿಕ್ಕದು ಅಕ್ಕ! ಒಂದು ತಲೆಬಟ್ಟೆಯೊಳಗೆ ಕಟ್ಟಿಕೊಳ್ಳಬಹುದು. ಅಷ್ಟು ಜಾಗದಲ್ಲಿ ನಾನು ಇಷ್ಟು ವರ್ಷ ಹೇಗೆ ಅಡಗಿದ್ದೆ?

ಬಾವುಟ ಏರಿಸಲಿಲ್ಲ. ಇಳಿದು ಬಂದು ಬೆಂಕಿ ಗುಡಿಸಲಿಗೆ ಹೋಗಿ ಕಂಬದಿಂದ ನಿಮ್ಮ ಉಳಿ ತೆಗೆದುಕೊಂಡು ದಡಕ್ಕೆ ಹೋದೆ.

"ಏನೇ ಇದು? ಬಾವುಟ ಏರ್ಸಿಲ್ವೇನೇ?" ಎಂದು ಯಾರೋ ಕೂಗಿದರು. "ನಿದ್ದೆಗಣ್ಣಲ್ಲಿ ಹತ್ತಿದ್ಲೇನೋ" ಎಂದು ಇನ್ನೊಬ್ಬರು ಅಂದರು. ಎಲ್ಲರೂ ನಕ್ಕರು. ಅದೇ ಕೊನೆಯ ನಗು.

ನಾನು ಹೇಳಿದೆ. ಕೂತು ಹೇಳಬೇಕೋ ನಿಂತು ಹೇಳಬೇಕೋ ತಿಳಿಯದೆ ಮರಳಿನಲ್ಲಿ ಮಂಡಿಯೂರಿ ಹೇಳಿದೆ. "ಹತ್ತು ವರ್ಷದ ಹಿಂದೆ ಕಡಲು ಮುಚ್ಚಿದ್ದಾಗ ಇಳಿದೋಳು ನಾನು. ಕಿಯೊ ಅಕ್ಕ ಅಲ್ಲ. ಉಳಿ ಅವರ್ದು, ಕೈ ನಂದು." ಆಮೇಲೂ ಏನೇನೋ ಹೇಳಿದೆ.

ಓಯೊನೆ ಅಜ್ಜಿ ಕಡಲ ಕಡೆ ನೋಡಿದರು. "ಗಾಳಿ ಏಳೋಕ್ ಮುಂಚೆ ತೆರೀಬೇಕು. ಕೊಡಿಲ್ಲಿ" ಎಂದು ನನ್ನ ಕೈಯಿಂದ ಬಾವುಟವನ್ನೂ ಉಳಿಯನ್ನೂ ತೆಗೆದುಕೊಂಡರು. ಎಂಬತ್ತೆರಡು ವರ್ಷದ ಮುದುಕಿ ಆ ಗುಡ್ಡವನ್ನು ಒಬ್ಬರೇ ಹತ್ತಿದರು. ನಾನು ಹಿಂದೆ ಹೋದರೆ ತಿರುಗಿ ನೋಡಿದರು, ಅಷ್ಟೇ. ನಿಂತುಬಿಟ್ಟೆ. ಎಲ್ಲರೂ ನೀರಿಗಿಳಿದರು. ನಾನು ದಡದಲ್ಲಿ ಉಳಿದೆ.

ನಿಮ್ಮ ಪೊಟರೆಯ ಕಡೆ ನಿನ್ನೆ ಯಾರೂ ಈಜಲಿಲ್ಲ. ಒಬ್ಬರೂ.

ಸಂಜೆ ಗುಡಿಸಲಿನಲ್ಲಿ ಬೆಂಕಿಯ ಸುತ್ತ ಒಂದು ಜಾಗ ಬಿಟ್ಟು ಕೂತಿದ್ದರು. ನನಗೇ ಬಿಟ್ಟಿದ್ದಾರೆ ಅಂದುಕೊಂಡೆ. ಒಳಗೆ ಹೋಗಿ ಅಲ್ಲಿ ಕೂರಲು ಬಗ್ಗಿದೆ.

"ಅದು ಕಿಯೊ ಜಾಗ" ಅಂದರು ಅಜ್ಜಿ.

ಹೊರಗೆ ಬಂದು ನಿಂತೆ. ಇವತ್ತು ಬೆಳಿಗ್ಗೆ ನನ್ನ ಬಾನಿ ಮಗುಚಿ ಹಾಕಿತ್ತು. ಇನ್ನು ಮನೆಗೆ ಬೆಂಕಿ ಬಿದ್ದರೆ, ಸಾವಾದರೆ ಊರವರು ಬರುತ್ತಾರೆ. ಮತ್ತೆ ಯಾವುದಕ್ಕೂ ಬರುವುದಿಲ್ಲ. ಗಂಡ "ಬಾವಿಗೆ ನಾನೇ ಹೋಗ್ತೀನಿ ಬಿಡು" ಎಂದು ಕೊಡ ಎತ್ತಿಕೊಂಡು ಹೋದರು. ಈ ಊರಿನಲ್ಲಿ ಗಂಡಸು ನೀರಿಗೆ ಹೋಗುವುದನ್ನು ನೀವು ಕಂಡಿದ್ದೀರಾ?

ಮಿಯೊ ಕೇಳಿದಳು: "ಆಗ ನಾನೆಲ್ಲಿದ್ದೆ?"

"ನನ್ನ ಹೊಟ್ಟೇಲಿ."

"ಹಂಗಾದ್ರೆ ನಾನೂ ಹೋಗಿದ್ದೆ" ಅಂದಳು.

ಅವಳಿಗೆ ಏನು ಹೇಳಲಿ ಅಕ್ಕ? ನಿಮ್ಮ ಬಾಯಿ ಮುಚ್ಚಿಸಿದ್ದು ಅವಳು. ಅವಳನ್ನು ನೋಡಿದಾಗಲೆಲ್ಲ ನನಗೆ ಫುಸಾಳ ನೆನಪಾಗುತ್ತದೆ.

ಮತ್ಸುನೊ


ಶಿನಾನೊ
೩೦ ಮೇ ೧೯೬೨

ಮತ್ಸುಗೆ,

ನಿನ್ನ ಕುವಾಬಾರ ಬಂದಿದ್ದರು. ನಿನ್ನ ಕಾಗದವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ನಮ್ಮ ಅಡುಗೆಮನೆಯ ನೆಲಕ್ಕೆ ಹಣೆ ಹಚ್ಚಿದರು. ಆ ಬೋಳು ತಲೆ ನೋಡಿಕೊಂಡು ನಾನೇನು ಮಾಡಲಿ? ಮೂಲಂಗಿ ಹೆಚ್ಚುತ್ತಿದ್ದೆ, ಹೆಚ್ಚುತ್ತಲೇ ಇದ್ದೆ. ಹುಡುಗನಿಗೆ ಏಪ್ರಿಲಿನಲ್ಲೇ ಬೇರೆ ಕಡೆ ಮದುವೆಯಾಯಿತಂತೆ. ನಿನ್ನ ಕಾಗದ ಬರುವಾಗ ಮಾತು ಕೊಟ್ಟಾಗಿತ್ತಂತೆ. ಒಂದು ತಿಂಗಳು ಮುಂಚೆ ಬಂದಿದ್ದರೆ ಅಂದರು. ಹೇಳಬಾರದಿತ್ತು, ಹೇಳಿಬಿಟ್ಟರು.

ಇದನ್ನು ನಿನಗೆ ಬರೆಯದೆ ಇರಬಹುದಿತ್ತು. ಬರೆದಿದ್ದೇನೆ. ನಿನ್ನ ಅಕ್ಕಿಯ ಡಬ್ಬ ಏನು ಮಾಡಿತೆಂದು ನಿನಗೆ ತಿಳಿದಿರಲಿ.

ನಿಮ್ಮ ಊರಿನಿಂದ ಓಯೊನೆ ಅಜ್ಜಿ ಯಾರ ಕೈಯಲ್ಲೋ ಎರಡು ಸಾಲು ಬರೆಸಿದ್ದಾರೆ. "ಜಾಗ ಇದೆ. ಗಾಳಿ ನೋಡಿಕೊಂಡು ಬಾ." ಹತ್ತು ವರ್ಷಕ್ಕೆ ಎರಡು ಸಾಲು. ಆ ಮುದುಕಿಯ ಪಾಲಿಗೆ ಅದು ದೊಡ್ಡ ಭಾಷಣ.

ನನ್ನ ಕಿವಿ ಹೋಗಿದೆ, ಇನ್ನು ಮುಳುಗಲಾರೆ. ಆದರೆ ಫುಸಾ ಹೋಗೋಣ ಅನ್ನುತ್ತಾಳೆ. ಹಿರಿಯರಿಗೆ ದೀಪ ಇಡುವ ಹಬ್ಬಕ್ಕೆ, ಆಗಸ್ಟ್ ಹದಿಮೂರಕ್ಕೆ. "ನಮ್ಮಜ್ಜಿ ಸಮಾಧಿ ನೋಡ್ಬೇಕು. ಆಮೇಲೆ ಆಕೆ ಮುಖ ನೋಡ್ಬೇಕು" ಅಂದಳು. ಆಕೆ ಅಂದರೆ ನೀನು.

ಈಗ ಕೇಳಿಸಿಕೋ. ಹತ್ತು ಗಂಟೆಯ ದೋಣಿ. ಹಬ್ಬದ ದಿನವಾದ್ದರಿಂದ ಅರವತ್ತು ಮನೆಯವರೂ ದೋಣಿಕಟ್ಟೆಯ ಮೇಲಿರುತ್ತಾರೆ. ನನ್ನ ಉಳಿ ಓಯೊನೆ ಅಜ್ಜಿಯ ಹತ್ತಿರವಿದ್ದರೆ ಕೇಳಿ ತೆಗೆದುಕೋ. ಎಲ್ಲರ ಮುಂದೆ ನಿನ್ನ ಕೈಯಿಂದ ನನ್ನ ಕೈಗೆ ಕೊಡು. ಕಾಲಿಗೆ ಬೀಳಬೇಡ. ಅಳಬೇಡ. ಮುಖ್ಯವಾಗಿ ನೆಲ ನೋಡಬೇಡ. ಫುಸಾ ನಿನ್ನ ಮುಖ ನೋಡಲು ಬರುತ್ತಿದ್ದಾಳೆ, ತಲೆ ಎತ್ತಿ ತೋರಿಸು.

ನೀನು ಕಟ್ಟೆಯ ಮೇಲೆ ಕಾಣದಿದ್ದರೆ ನಾವು ಇಳಿಯುವುದಿಲ್ಲ. ಅದೇ ದೋಣಿಯಲ್ಲಿ ವಾಪಸ್.

ಕಿಯೊ


ಕುರೊಸೆ
೫ ಆಗಸ್ಟ್ ೧೯೬೨

ಕಿಯೊ ಅಕ್ಕ,

ಒಂದು ತಿಂಗಳು ಮುಂಚೆ ಬಂದಿದ್ದರೆ. ನಿಮ್ಮ ಕಾಗದದ ಆ ಸಾಲನ್ನು ದಿನಕ್ಕೊಮ್ಮೆ ಓದುತ್ತೇನೆ. ಅಕ್ಕಿಯ ಡಬ್ಬದ ಕೆಳಗೆ ಈಗ ಏನನ್ನೂ ಇಡುವುದಿಲ್ಲ.

ಉಳಿ ಕೇಳಲು ಓಯೊನೆ ಅಜ್ಜಿಯ ಮನೆಗೆ ಹೋದೆ. ಮಾರ್ಚಿನಿಂದ ನನ್ನ ಹತ್ತಿರ ಯಾರೂ ಮಾತಾಡಿಲ್ಲ, ಅಜ್ಜಿಯೂ ಮಾತಾಡಲಿಲ್ಲ. ಒಳಗಿನಿಂದ ತಂದು ಹೊಸ್ತಿಲ ಮೇಲಿಟ್ಟು ಬಾಗಿಲು ಎಳೆದುಕೊಂಡರು. ಮಿಯೊ ಮತ್ತು ನಾನು ಮರಳು ಹಾಕಿ ತಿಕ್ಕಿದ್ದೇವೆ. ತುಕ್ಕು ಹೋಗಿದೆ. ನಿಮ್ಮ ಅಮ್ಮ ಕೊರೆದ ನಕ್ಷತ್ರ ಚೆನ್ನಾಗಿ ಕಾಣುತ್ತದೆ.

ಹೊಸ ಕೆಂಪು ದಾರ ಕೊಂಡು ತಂದಿದ್ದೆ. ಕಟ್ಟಲು ಕೂತವಳು ಬಿಟ್ಟುಬಿಟ್ಟೆ. ನಾನು ಕತ್ತರಿಸಿದ ತುಂಡು ಹಿಡಿಯಲ್ಲಿ ಹಾಗೇ ಇದೆ, ಬೆರಳುದ್ದ. ಅದು ಇರಲಿ. ಕಟ್ಟೆಯ ಮೇಲೆ ಎಲ್ಲರೂ ಅದನ್ನು ನೋಡಲಿ. ಹೊಸ ದಾರ ನನ್ನ ಅಂಗಿಯ ತೋಳಿನೊಳಗಿರುತ್ತದೆ. ಕಟ್ಟುವುದು ಬಿಡುವುದು ಫುಸಾಗೆ ಬಿಟ್ಟದ್ದು.

ತಲೆ ಎತ್ತಿ ನಿಲ್ಲುವುದನ್ನು ದಿನವೂ ಬಾವಿಯ ಹತ್ತಿರ ಅಭ್ಯಾಸ ಮಾಡುತ್ತಿದ್ದೇನೆ. ಗಂಡನಿಂದ ಕೊಡ ವಾಪಸ್ ಇಸಿದುಕೊಂಡೆ. ಇನ್ನೂ ಚೆನ್ನಾಗಿ ಬರುವುದಿಲ್ಲ. ಹದಿಮೂರರೊಳಗೆ ಬರಬಹುದು.

ದೋಣಿ ಹತ್ತಕ್ಕೆ. ನಾನು ಎಂಟರಿಂದಲೇ ಕಟ್ಟೆಯ ಮೇಲಿರುತ್ತೇನೆ. ದೋಣಿಯಿಂದ ನೋಡಿದರೆ ಥಟ್ಟನೆ ಕಾಣುತ್ತೇನೆ ಅಕ್ಕ, ಹುಡುಕಬೇಕಾಗಿಲ್ಲ. ನನ್ನ ಅಕ್ಕಪಕ್ಕ ಯಾರೂ ನಿಂತಿರುವುದಿಲ್ಲ.

ಮತ್ಸುನೊ